ವಿಮೆ ಹಣ ಬಂತು, ಐಟಿ ರಿಟರ್ನ್‌ನಲ್ಲಿ ಎಲ್ಲಿ ತೋರಿಸಬೇಕು?

ಪ್ರಶ್ನೆ: ನಾನು ಚಿತ್ರದುರ್ಗದ ಖಾಸಗಿ ಕಾಲೇಜೊಂದರಲ್ಲಿ ಉಪನ್ಯಾಸಕ. ವರ್ಷದ ಸಂಬಳ 9,60,000 ರೂ. ಹೊಸ ಪದ್ಧತಿಯಲ್ಲಿ ತೆರಿಗೆ ಬರುವುದಿಲ್ಲ ಅಂತ ಕಾಲೇಜಿನವರು ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಹಿಡಿದಿಲ್ಲ. 2025-26ರಲ್ಲಿ ನಮ್ಮ ಮನೆಗೆ ಬೇರೆ ಬೇರೆ ವಿಮೆ ಹಣ ಬಂತು. 2015ರ ಡಿಸೆಂಬರ್‌ನಲ್ಲಿ ಬ್ಯಾಂಕಿನವರ ಮಾತು ಕೇಳಿ ಒಂದೇ ಸಲ 5 ಲಕ್ಷ ಕಟ್ಟಿದ್ದ ಪಾಲಿಸಿ ಈ ಡಿಸೆಂಬರ್‌ನಲ್ಲಿ ಮುಗಿದು 8,90,000 ರೂ. ಆಯಿತು. ಆದರೆ 7,800 ರೂ. ಟಿಡಿಎಸ್ ಹಿಡಿದರು. 2004ರಲ್ಲಿ ಮಾಡಿಸಿದ್ದ ಎಲ್‌ಐಸಿ ಎಂಡೋಮೆಂಟ್ ಪಾಲಿಸಿಯಿಂದ 4,06,000 ರೂ. ಬಂತು, ಅದಕ್ಕೆ ಏನೂ ಹಿಡಿದಿಲ್ಲ. ನನ್ನ ಪಿತ್ತಕೋಶದ ಆಪರೇಷನ್‌ಗೆ ಆರೋಗ್ಯ ವಿಮೆಯಿಂದ 68,000 ರೂ. ವಾಪಸ್ ಬಂತು. ಜುಲೈನಲ್ಲಿ ನನ್ನ ತಮ್ಮ ತೀರಿಕೊಂಡ. ಅವನ ಹೆಂಡತಿಗೆ ಎಲ್‌ಐಸಿಯಿಂದ 6 ಲಕ್ಷ, ತಡವಾಗಿದ್ದಕ್ಕೆ ಬಡ್ಡಿ 18,000 ರೂ., ಜೊತೆಗೆ ಬ್ಯಾಂಕಿನ 436 ರೂಪಾಯಿ ವಿಮೆಯಿಂದ 2 ಲಕ್ಷ ಬಂದಿದೆ. ಬಡ್ಡಿಯಲ್ಲಿ 1,800 ರೂ. ಹಿಡಿದಿದ್ದಾರೆ. ವಿಮೆ ಹಣಕ್ಕೆ ತೆರಿಗೆ ಇಲ್ಲ ಅಂತಲೇ ಎಲ್ಲರೂ ಹೇಳಿದ್ದು. ಹಾಗಾದರೆ ಟಿಡಿಎಸ್ ಯಾಕೆ? ಇವನ್ನೆಲ್ಲ ರಿಟರ್ನ್‌ನಲ್ಲಿ ತೋರಿಸಬೇಕಾ?

ಉತ್ತರ: ಮೊದಲು ನಿಮ್ಮ ತಮ್ಮನ ವಿಷಯ ಕೇಳಿ ಬೇಸರವಾಯಿತು. ಅವರ ಮನೆಯವರಿಗೆ ಬಂದ ಹಣದ ಬಗ್ಗೆ ಜಾಸ್ತಿ ತಲೆಬಿಸಿ ಬೇಡ. ಅಸಲು ಎಂಟು ಲಕ್ಷಕ್ಕೂ ತೆರಿಗೆ ಇಲ್ಲ. ನಿಮ್ಮ ಎಲ್‌ಐಸಿ ಹಣಕ್ಕೂ ಇಲ್ಲ, ಆಸ್ಪತ್ರೆ ಹಣಕ್ಕೂ ಇಲ್ಲ. ತೊಂದರೆ ಇರುವುದು ಒಂದೇ ಕಡೆ, ಆ 5 ಲಕ್ಷದ ಪಾಲಿಸಿಯಲ್ಲಿ. ಅಲ್ಲಿ ಹಿಡಿದ 7,800 ರೂಪಾಯಿಗೆ ಎಲ್ಲ ಮುಗಿಯಿತು ಅಂದುಕೊಂಡಿದ್ದರೆ ಮುಗಿದಿಲ್ಲ. ನನ್ನ ಲೆಕ್ಕದಲ್ಲಿ ನೀವು ಇನ್ನೂ ಮುಕ್ಕಾಲು ಲಕ್ಷದಷ್ಟು ಕಟ್ಟಬೇಕಾಗಬಹುದು. ಅದಕ್ಕೇ ಉತ್ತರದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ವಿಮೆ ಹಣಕ್ಕೆ ತೆರಿಗೆ ಇಲ್ಲ ಅನ್ನುವುದು ಅರ್ಧ ಸತ್ಯ. ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10(10ಡಿ) ಜೀವ ವಿಮೆಯಿಂದ ಬರುವ ಹಣಕ್ಕೆ ವಿನಾಯಿತಿ ಕೊಡುತ್ತದೆ. ಬೋನಸ್ಸೂ ಅದರಲ್ಲಿ ಸೇರಿದೆ. ಆದರೆ ಅದಕ್ಕೊಂದು ಷರತ್ತು ಇದೆ. ವಿಮೆಯ ಹೆಸರಿನಲ್ಲಿ ಜನ ಠೇವಣಿ ಇಟ್ಟು ತೆರಿಗೆ ತಪ್ಪಿಸಬಾರದು ಅಂತ ಸರ್ಕಾರ ಕಟ್ಟುವ ಕಂತಿಗೂ ಸಿಗುವ ವಿಮಾ ರಕ್ಷಣೆಗೂ ಒಂದು ಅನುಪಾತ ಇಟ್ಟಿದೆ. ಆ ಅನುಪಾತ ಪಾಲಿಸಿ ಹುಟ್ಟಿದ ತಾರೀಕಿನ ಮೇಲೆ ಬದಲಾಗುತ್ತದೆ. 2003ರ ಏಪ್ರಿಲ್ 1ಕ್ಕಿಂತ ಮೊದಲಿನ ಪಾಲಿಸಿಗಳಿಗೆ ಈ ಅನುಪಾತದ ಕಟ್ಟು ಇಲ್ಲ. ಆ ದಿನದಿಂದ 2012ರ ಮಾರ್ಚ್ 31ರವರೆಗಿನ ಪಾಲಿಸಿಗಳಲ್ಲಿ ವರ್ಷದ ಪ್ರೀಮಿಯಂ ವಿಮಾ ಮೊತ್ತದ ಶೇ. 20 ಮೀರಬಾರದು. 2012ರ ಏಪ್ರಿಲ್ 1ರಿಂದ ಈಚೆಗೆ ಮಾಡಿಸಿದ್ದರೆ ಶೇ. 10 ಮೀರಬಾರದು. ಅಂಗವೈಕಲ್ಯ ಅಥವಾ ಕಾಯ್ದೆ ಹೆಸರಿಸಿರುವ ಕೆಲವು ಗಂಭೀರ ಕಾಯಿಲೆ ಇರುವವರ ಹೆಸರಿನಲ್ಲಿ 2013ರ ಏಪ್ರಿಲ್‌ನಿಂದ ಈಚೆಗೆ ಮಾಡಿಸಿದ ಪಾಲಿಸಿಗೆ ಶೇ. 15ರವರೆಗೆ ಅವಕಾಶ. ಇಡೀ ಅವಧಿಯಲ್ಲಿ ಯಾವುದೇ ಒಂದು ವರ್ಷ ಈ ಮಿತಿ ದಾಟಿದರೂ ಮೆಚ್ಯೂರಿಟಿ ಹಣದ ವಿನಾಯಿತಿ ಹೋಯಿತು.

ಈಗ ನಿಮ್ಮ ಪಾಲಿಸಿ ಬಾಂಡ್ ತೆಗೆಯಿರಿ. ಸಾಮಾನ್ಯವಾಗಿ ಶುರುವಿನ ಪುಟಗಳಲ್ಲೇ ಒಂದು ಪಟ್ಟಿ ಇರುತ್ತದೆ. ಪಾಲಿಸಿ ಕೊಟ್ಟ ತಾರೀಕು, ಪ್ರೀಮಿಯಂ, ವಿಮಾ ಮೊತ್ತ ಮೂರೂ ಅಲ್ಲಿ ಸಿಗುತ್ತವೆ. ಒಂದೇ ಕಂತಿನ ಪಾಲಿಸಿಗಳಲ್ಲಿ ಬಹುತೇಕ ಕಟ್ಟಿದ್ದರ ಒಂದೂಕಾಲು ಪಟ್ಟು ವಿಮಾ ಮೊತ್ತ ಇರುತ್ತದೆ. ಅಂದರೆ 5 ಲಕ್ಷ ಕಟ್ಟಿದ್ದಕ್ಕೆ 6,25,000 ರೂ. ಕಂತು ವಿಮಾ ಮೊತ್ತದ ಶೇ. 80 ಆಯಿತು. ಶೇ. 10ರ ಹತ್ತಿರಕ್ಕೂ ಬರಲಿಲ್ಲ. ವಿನಾಯಿತಿ ಸಿಗಬೇಕಿದ್ದರೆ ನಿಮಗೆ 50 ಲಕ್ಷದ ವಿಮೆ ಇರಬೇಕಿತ್ತು. ಕೆಲವು ಕಂಪನಿಗಳು ಒಂದೂಕಾಲು ಪಟ್ಟು, ಹತ್ತು ಪಟ್ಟು ಅಂತ ಎರಡು ಆಯ್ಕೆ ಕೊಡುತ್ತವೆ. ಹತ್ತು ಪಟ್ಟು ಆರಿಸಿದರೆ ವಿಮೆಯ ಖರ್ಚಿಗೆ ಜಾಸ್ತಿ ಹಣ ಹೋಗಿ ಕೊನೆಗೆ ಕೈಗೆ ಬರುವುದು ಕಡಿಮೆ. ಹಾಗಾಗಿ ಮಾರುವವರು ಅದನ್ನು ತೋರಿಸುವುದೇ ಅಪರೂಪ. ನಿಮ್ಮ ಬಾಂಡ್‌ನಲ್ಲಿ ಹತ್ತು ಪಟ್ಟು ಅಂತ ಇದ್ದರೆ ಖುಷಿ ಪಡಿ, ಟಿಡಿಎಸ್ ಹಿಡಿದದ್ದೇ ತಪ್ಪು. ಆದರೆ ಕಂಪನಿಯ ಕಂಪ್ಯೂಟರ್ ಇದೇ ಲೆಕ್ಕ ಹಾಕಿ ಟಿಡಿಎಸ್ ಹಿಡಿದಿರುವುದರಿಂದ ಆ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಹೊಸ ಪಾಲಿಸಿಗಳಲ್ಲಿ ಮೂಲ ವಿಮಾ ಮೊತ್ತ ಬೇರೆ, ಸಾವಿನ ಸಂದರ್ಭದ ವಿಮಾ ಮೊತ್ತ ಬೇರೆ ಇರುತ್ತದೆ. 2012ರ ನಂತರದ ಪಾಲಿಸಿಗಳಿಗೆ ನೋಡಬೇಕಾದ್ದು ಎರಡನೆಯದು. ಪಾಲಿಸಿ ಅವಧಿಯಲ್ಲಿ ಯಾವಾಗ ಸತ್ತರೂ ಕನಿಷ್ಠ ಎಷ್ಟು ಕೊಡುತ್ತೇವೆ ಅಂತ ಕಂಪನಿ ಒಪ್ಪಿಕೊಂಡಿದೆಯೋ ಅದು. ಬೋನಸ್ ಇದರಲ್ಲಿ ಸೇರುವುದಿಲ್ಲ.

ಇನ್ನು ಟಿಡಿಎಸ್. ವಿನಾಯಿತಿ ಇಲ್ಲದ ಪಾಲಿಸಿಯಿಂದ ವರ್ಷಕ್ಕೆ 1 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಕೊಡುವಾಗ ಸೆಕ್ಷನ್ 194ಡಿಎ ಪ್ರಕಾರ ಟಿಡಿಎಸ್ ಹಿಡಿಯಲೇಬೇಕು. 2024ರ ಅಕ್ಟೋಬರ್ 1ರಿಂದ ಅದರ ದರ ಶೇ. 2, ಅದಕ್ಕೆ ಮೊದಲು ಶೇ. 5 ಇತ್ತು. ಹಿಡಿಯುವುದು ಬಂದ ಪೂರ್ತಿ ಹಣದ ಮೇಲಲ್ಲ, ಕಟ್ಟಿದ ಪ್ರೀಮಿಯಂ ಕಳೆದು ಉಳಿದದ್ದರ ಮೇಲೆ. 8,90,000ದಲ್ಲಿ 5,00,000 ಕಳೆದರೆ 3,90,000. ಅದರ ಶೇ. 2 ಅಂದರೆ 7,800. ಲೆಕ್ಕ ಸರಿಯಾಗಿಯೇ ಇದೆ. ಪ್ಯಾನ್ ಕೊಡದೆ ಇದ್ದಿದ್ದರೆ ಶೇ. 20 ಹಿಡಿಯುತ್ತಿದ್ದರು.

ಬಹಳ ಜನ ಎಡವುವುದು ಇಲ್ಲೇ. ಟಿಡಿಎಸ್ ಅನ್ನುವುದು ಮನೆ ಬಾಡಿಗೆಗೆ ಕೊಟ್ಟ ಮುಂಗಡದ ಹಾಗೆ, ಅದೇ ಪೂರ್ತಿ ಬಾಡಿಗೆ ಅಲ್ಲ. ಪಾಲಿಸಿಯ ಲಾಭ ನಿಮ್ಮ ಸಂಬಳದ ಜೊತೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆಗೆ ಒಳಪಡುತ್ತದೆ. ಶೀರ್ಷಿಕೆ ‘ಇತರ ಮೂಲಗಳ ಆದಾಯ’. ಹತ್ತು ವರ್ಷ ಕೂಡಿದ ಲಾಭ ಅಂತ ಹತ್ತು ವರ್ಷಕ್ಕೆ ಹಂಚುವ ಹಾಗಿಲ್ಲ. ಪೂರ್ತಿ ಒಂದೇ ವರ್ಷದ ತಲೆಯ ಮೇಲೆ ಬೀಳುತ್ತದೆ.

ಹಾಗಾದರೆ ರಿಟರ್ನ್‌ನಲ್ಲಿ 3,90,000 ತೋರಿಸಿದರೆ ಸಾಕಾ? ಸಾಲದೇ ಹೋಗಬಹುದು. ಸೆಕ್ಷನ್ 56ರಲ್ಲಿ 2023ರಲ್ಲಿ ಸೇರಿಸಿದ ಒಂದು ಕಲಮಿನ ಪ್ರಕಾರ, ನೀವು ಈ ಹಿಂದೆ ಬೇರೆ ಯಾವುದೇ ಸೆಕ್ಷನ್‌ನಲ್ಲಿ ಕಡಿತ ಪಡೆದಿರದ ಪ್ರೀಮಿಯಂ ಮಾತ್ರ ಕಳೆಯಬಹುದು. ಅಂದರೆ ಆ ವರ್ಷ 80ಸಿಯಲ್ಲಿ ಇದರದ್ದು ಎಷ್ಟು ತೋರಿಸಿ ತೆರಿಗೆ ಉಳಿಸಿದ್ದಿರೋ ಅಷ್ಟನ್ನು ಈಗ ಮತ್ತೆ ಕಳೆಯುವ ಹಾಗಿಲ್ಲ. ಒಂದೇ ರೂಪಾಯಿಗೆ ಎರಡು ಸಲ ಲಾಭ ಇಲ್ಲ, ನ್ಯಾಯವೇ ಅಲ್ವಾ. ಆದರೆ ನೀವು ಹಿಂದೆ 80ಸಿಯಲ್ಲಿ ಏನು ತೋರಿಸಿದ್ದೀರಿ ಅನ್ನುವುದು ವಿಮಾ ಕಂಪನಿಗೆ ಗೊತ್ತಿರುವುದಿಲ್ಲ. ಅದು ಪೂರ್ತಿ ಪ್ರೀಮಿಯಂ ಕಳೆದೇ ಟಿಡಿಎಸ್ ಹಾಕುತ್ತದೆ. ಹಾಗಾಗಿ ಕಂಪನಿಯ ಲೆಕ್ಕಕ್ಕಿಂತ ನಿಮ್ಮ ಆದಾಯ ಜಾಸ್ತಿ ಆಗುವುದು ಸಹಜ.

80ಸಿಯಲ್ಲೂ ಇದೇ ಶೇ. 10ರ ಮಿತಿ ಇದೆ. 6,25,000ದ ಪಾಲಿಸಿಗೆ ನೀವು 5 ಲಕ್ಷ ಕಟ್ಟಿದ್ದರೂ ಕಡಿತಕ್ಕೆ ಅರ್ಹವಾಗಿದ್ದದ್ದು 62,500 ಮಾತ್ರ. ಅಷ್ಟು ತೋರಿಸಿದ್ದಿರಿ ಅಂತ ಇಟ್ಟುಕೊಳ್ಳೋಣ. ಆಗ ಕಳೆಯಬಹುದಾದ ಪ್ರೀಮಿಯಂ 4,37,500, ಆದಾಯ 4,52,500. ತೋರಿಸಿಯೇ ಇಲ್ಲ, ಪಿಎಫ್ ಮತ್ತು ಮಕ್ಕಳ ಫೀಸಿನಿಂದಲೇ ಒಂದೂವರೆ ಲಕ್ಷ ತುಂಬಿತ್ತು ಅಂತಾದರೆ 3,90,000ವೇ ಸರಿ. ನೆನಪಿನ ಮೇಲೆ ಬರೆಯಬೇಡಿ. ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಹಳೆಯ ರಿಟರ್ನ್‌ಗಳ ಪ್ರತಿ ಸಿಗುತ್ತದೆ. ನಿಮಗೆ ಬೇಕಾದದ್ದು 2015-16ರ ಹಣಕಾಸು ವರ್ಷದ್ದು, ಅಂದರೆ ಅಸೆಸ್‌ಮೆಂಟ್ ವರ್ಷ 2016-17. ಆ ವರ್ಷದ ಫಾರಂ 16 ಮತ್ತು ಕಾಲೇಜಿಗೆ ಕೊಟ್ಟ ಹೂಡಿಕೆ ಪಟ್ಟಿಯೂ ಇದ್ದರೆ ಇನ್ನೂ ಒಳ್ಳೆಯದು. ರಿಟರ್ನ್‌ನಲ್ಲಿ 80ಸಿಯ ಒಟ್ಟು ಮೊತ್ತ ಕಾಣುತ್ತದೆ, ಅದರಲ್ಲಿ ಯಾವುದಕ್ಕೆ ಎಷ್ಟು ಅಂತ ತಿಳಿಯುವುದು ಆ ಪಟ್ಟಿಯಿಂದ.

ಈಗ ತೆರಿಗೆ ಎಷ್ಟು ಅಂತ ನೋಡೋಣ. ಸಂಬಳ 9,60,000ದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 8,85,000. ಇಷ್ಟೇ ಆಗಿದ್ದರೆ 12 ಲಕ್ಷದೊಳಗಿನ ರಿಯಾಯಿತಿಯಲ್ಲಿ ತೆರಿಗೆ ಸೊನ್ನೆ. ಕಾಲೇಜಿನವರು ಹೇಳಿದ್ದು ಅವರಿಗೆ ಗೊತ್ತಿದ್ದಷ್ಟಕ್ಕೆ ಸರಿ. ಅದಕ್ಕೆ 4,52,500 ಸೇರಿದರೆ 13,37,500. ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ಏನಿಲ್ಲ, ಮುಂದಿನ 4 ಲಕ್ಷಕ್ಕೆ ಶೇ. 5ರಂತೆ 20,000, ಅದರ ಮುಂದಿನ 4 ಲಕ್ಷಕ್ಕೆ ಶೇ. 10ರಂತೆ 40,000, ಉಳಿದ 1,37,500ಕ್ಕೆ ಶೇ. 15ರಂತೆ 20,625. ಒಟ್ಟು 80,625. ಶೇ. 4 ಸೆಸ್ 3,225 ಸೇರಿ 83,850 ರೂ. ಆದಾಯ 12 ಲಕ್ಷ ದಾಟಿದ್ದರಿಂದ ರಿಯಾಯಿತಿ ಪೂರ್ತಿ ಹೋಯಿತು. ಸ್ವಲ್ಪವೇ ದಾಟಿದವರಿಗೆ ಕೊಡುವ ಮಾರ್ಜಿನಲ್ ರಿಲೀಫ್ ನಿಮ್ಮ ಮೊತ್ತಕ್ಕೆ ಸಿಗುವುದಿಲ್ಲ. 7,800 ಕಳೆದು 76,050 ರೂ. ನೀವು ಕಟ್ಟಬೇಕು. 80ಸಿಯಲ್ಲಿ ಏನೂ ತೋರಿಸಿರಲಿಲ್ಲ ಅಂತಾದರೆ ಇದರಲ್ಲಿ 9,750 ರೂ. ಉಳಿಯುತ್ತದೆ. ಹಳೆಯ ರಿಟರ್ನ್ ಹುಡುಕಿ ಅಂತ ಹೇಳಿದ್ದು ಸುಮ್ನೆ ಅಲ್ಲ.

ಹಳೆ ಪದ್ಧತಿಗೆ ಹೋದರೆ ಉಳಿಯುತ್ತದಾ ಅಂತ ನೀವು ಕೇಳಬಹುದು. 80ಸಿಯ ಒಂದೂವರೆ ಲಕ್ಷ ಮಾತ್ರ ಕಳೆದು ನೋಡಿದರೆ ತೆರಿಗೆ ಎರಡರಷ್ಟಕ್ಕಿಂತ ಜಾಸ್ತಿ ಬರುತ್ತದೆ. ದೊಡ್ಡ ಗೃಹಸಾಲದ ಬಡ್ಡಿ, ಬಾಡಿಗೆ ಭತ್ಯೆ ಎಲ್ಲ ಇದ್ದರೆ ಒಮ್ಮೆ ಲೆಕ್ಕ ಹಾಕಿ, ಇಲ್ಲದಿದ್ದರೆ ಹೊಸದರಲ್ಲೇ ಇರಿ. ಹೊಸ ಪದ್ಧತಿ ಆರಿಸಿಕೊಂಡರೆ ವಿಮೆಯ ವಿನಾಯಿತಿಯೇ ಹೋಗುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಅದು ತಪ್ಪು. ಹೋಗುವುದು ಪ್ರೀಮಿಯಂ ಕಟ್ಟಿದ್ದಕ್ಕೆ ಸಿಗುವ 80ಸಿ ಕಡಿತ. ಬರುವ ಹಣದ 10(10ಡಿ) ವಿನಾಯಿತಿ ಎರಡೂ ಪದ್ಧತಿಯಲ್ಲಿ ಇದೆ.

ಇದರ ಮೇಲೆ ಬಡ್ಡಿಯೂ ಉಂಟು. ಟಿಡಿಎಸ್ ಕಳೆದು ವರ್ಷದ ತೆರಿಗೆ 10,000 ಮುಟ್ಟಿದರೆ ಮಾರ್ಚ್‌ನೊಳಗೆ ಮುಂಗಡ ತೆರಿಗೆ ಕಟ್ಟಿರಬೇಕು. ಕಟ್ಟಿಲ್ಲದಿದ್ದರೆ ಏಪ್ರಿಲ್‌ನಿಂದ ತಿಂಗಳಿಗೆ ಶೇ. 1, ನಿಮ್ಮ ಮಟ್ಟಿಗೆ ತಿಂಗಳಿಗೆ 760 ರೂ. ಜುಲೈವರೆಗೆ ಕಾದರೆ 3,040. ಇದು ಸೆಕ್ಷನ್ 234ಬಿ. ಕಂತುಗಳು ತಪ್ಪಿದ್ದಕ್ಕೆ 234ಸಿ ಅಂತ ಇನ್ನೊಂದು ಬಡ್ಡಿ ಬೇರೆ. ಡಿಸೆಂಬರ್‌ನಲ್ಲಿ ಬಂದ ಹಣಕ್ಕೆ ಜೂನ್ ಕಂತು ಯಾಕೆ ಕಟ್ಟಲಿಲ್ಲ ಅಂತ ಕೇಳುವುದು ನನಗಂತೂ ಸರಿ ಕಾಣುವುದಿಲ್ಲ. ಷೇರಿನ ಲಾಭ, ಡಿವಿಡೆಂಡ್, ಲಾಟರಿಗೆ ಈ ವಿಷಯದಲ್ಲಿ ಸಡಿಲಿಕೆ ಇದೆ, ವಿಮೆಯ ಲಾಭಕ್ಕೆ ಇಲ್ಲ. ಏನೇ ಆಗಲಿ, ಜುಲೈ ಕೊನೆಯವರೆಗೆ ಕಾಯಬೇಡಿ. ಪೋರ್ಟಲ್‌ನ ‘ಇ-ಪೇ ಟ್ಯಾಕ್ಸ್’ನಲ್ಲಿ ಅಸೆಸ್‌ಮೆಂಟ್ ವರ್ಷ 2026-27 ಆರಿಸಿ, ಸೆಲ್ಫ್ ಅಸೆಸ್‌ಮೆಂಟ್ ತೆರಿಗೆ ಅಂತ ಈಗಲೇ ಕಟ್ಟಿಬಿಡಿ. ರಿಟರ್ನ್ ಆಮೇಲೆ ಹಾಕಿದರೂ ಕಟ್ಟಿದ ಮೊತ್ತದ ಮೇಲಿನ 234ಬಿ ಬಡ್ಡಿ ಅಲ್ಲಿಗೆ ನಿಲ್ಲುತ್ತದೆ. ಚಲನ್ ಸಂಖ್ಯೆ, ಬಿಎಸ್‌ಆರ್ ಕೋಡ್, ತಾರೀಕು ಮೂರನ್ನೂ ಬರೆದಿಟ್ಟುಕೊಳ್ಳಿ, ರಿಟರ್ನ್‌ನಲ್ಲಿ ಬೇಕಾಗುತ್ತವೆ.

ಮುಂದೆ ಇಂಥದ್ದೇ ಹಣ ಬರುವ ಓದುಗರಿಗೆ ಒಂದು ಮಾತು. ಮೆಚ್ಯೂರಿಟಿ ಆದ ತಿಂಗಳಲ್ಲೇ ನಿಮ್ಮ ಆಫೀಸಿನ ಲೆಕ್ಕಪತ್ರದವರಿಗೆ ಈ ಆದಾಯ ಇದೆ ಅಂತ ಬರೆದುಕೊಡಿ. ಉಳಿದ ತಿಂಗಳ ಸಂಬಳದಲ್ಲಿ ಅವರು ಟಿಡಿಎಸ್ ಹಿಡಿದರೆ ಬಡ್ಡಿಯ ಗೋಜು ತಪ್ಪುತ್ತದೆ.

ರಿಟರ್ನ್ ತುಂಬುವಾಗ ನಿಮ್ಮ ಪ್ಯಾನ್ ಮೇಲಿನ ಟಿಡಿಎಸ್, ಆದಾಯದ ವಿವರ ಇರುವ 26ಎಎಸ್ ಮತ್ತು ಎಐಎಸ್ ಎರಡನ್ನೂ ಡೌನ್‌ಲೋಡ್ ಮಾಡಿ. ಅಲ್ಲಿ 194ಡಿಎ ಅಂತ ಸಾಲು ಇರುತ್ತದೆ. ಎದುರಿಗೆ ಕಾಣುವ ಮೊತ್ತ ಪೂರ್ತಿ ಹಣವೋ ಲಾಭ ಮಾತ್ರವೋ ಅಂತ ಗೊಂದಲವಾದರೆ ಟಿಡಿಎಸ್ ಅದರ ಶೇ. ಎಷ್ಟು ಅಂತ ನೋಡಿ. 3,90,000ಕ್ಕೆ 7,800 ಸರಿಯಾಗಿ ಶೇ. 2. ಮೊತ್ತ 8,90,000 ಅಂತ ಇದ್ದರೆ ಶೇ. 1ಕ್ಕೂ ಕಡಿಮೆ ಬರುತ್ತದೆ, ಅಂದರೆ ಅದು ಪೂರ್ತಿ ಹಣ. ಹೇಗೇ ಇರಲಿ, ನೀವು ಬರೆಯಬೇಕಾದ್ದು ನಿಮ್ಮ ಸ್ವಂತ ಲೆಕ್ಕದ ಅಂಕಿ. ಅದನ್ನು ‘ಇತರ ಮೂಲಗಳ ಆದಾಯ’ದ ಕೆಳಗೆ ಹಾಕಿ. ಜೀವ ವಿಮೆಗೆ ಅಂತಲೇ ಸಾಲು ಕಂಡರೆ ಅದನ್ನೇ ಆರಿಸಿ, ಕಾಣದಿದ್ದರೆ ‘ಎನಿ ಅದರ್’ ಆರಿಸಿ ವಿವರ ಬರೆಯಿರಿ. 7,800ರ ಟಿಡಿಎಸ್ ಕೂಡ ಕ್ಲೇಮ್ ಮಾಡಿ.

ಒಂದು ಕೆಲಸ ಮಾತ್ರ ಮಾಡಬೇಡಿ. ಹಣವನ್ನು ವಿನಾಯಿತಿ ಅಂತ ತೋರಿಸಿ ಟಿಡಿಎಸ್ ಮಾತ್ರ ವಾಪಸ್ ಕೇಳುವುದು. ಟಿಡಿಎಸ್ ಯಾವ ಆದಾಯಕ್ಕೆ ಹಿಡಿದದ್ದೋ ಆ ಆದಾಯ ತೆರಿಗೆಗೆ ಬಂದಿರಬೇಕು ಅನ್ನುವುದು ನಿಯಮ. ಇಲಾಖೆಯ ಕಂಪ್ಯೂಟರ್ ಮೊದಲು ಹಿಡಿಯುವುದೇ ಇದನ್ನು.

ಎಲ್‌ಐಸಿ ಪಾಲಿಸಿ ಸುಲಭ. 2004ರದ್ದಾದ್ದರಿಂದ ಶೇ. 20ರ ಮಿತಿ. 2 ಲಕ್ಷದ ಪಾಲಿಸಿಗೆ ವರ್ಷಕ್ಕೆ 40,000 ಕಟ್ಟಿದ್ದರೂ ನಡೆಯುತ್ತಿತ್ತು. ಇಪ್ಪತ್ತು ವರ್ಷ ದಾಟಿದ ಅವಧಿಯ ಎಂಡೋಮೆಂಟ್‌ನಲ್ಲಿ ಕಂತು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಪೂರ್ತಿ 4,06,000 ವಿನಾಯಿತಿ. ಆದರೂ ರಿಟರ್ನ್‌ನಲ್ಲಿ ತೋರಿಸಿ. ಐಟಿಆರ್-1ರಲ್ಲಿ ವಿನಾಯಿತಿ ಆದಾಯದ ಜಾಗದಲ್ಲಿ ಸೆಕ್ಷನ್ 10(10ಡಿ) ಅಂತ ಆಯ್ಕೆ ಇದೆ, ಐಟಿಆರ್-2ರಲ್ಲಿ ಅದು ‘ಷೆಡ್ಯೂಲ್ ಇಐ’ಯಲ್ಲಿ ಬರುತ್ತದೆ. ಬೋನಸ್ ಬೇರೆ, ಅಸಲು ಬೇರೆ ಅಂತ ಒಡೆಯದೆ ಬಂದ ಪೂರ್ತಿ ಮೊತ್ತ ಬರೆಯಿರಿ. ತೋರಿಸಿದರೆ ತೆರಿಗೆ ಒಂದು ಪೈಸೆಯೂ ಹೆಚ್ಚಾಗುವುದಿಲ್ಲ. ನಾಳೆ ನಿಮ್ಮ ಖಾತೆಗೆ ಬಂದ ನಾಲ್ಕು ಲಕ್ಷ ಎಲ್ಲಿಯದು ಅಂತ ಯಾರಾದರೂ ಕೇಳಿದರೆ ಉತ್ತರ ಮೊದಲೇ ದಾಖಲಾಗಿರುತ್ತದೆ.

ಯಾವ ಫಾರಂ ಅಂತ ಕೇಳಿಲ್ಲ, ಆದರೂ ಹೇಳುತ್ತೇನೆ. ಸಂಬಳ, ಬಡ್ಡಿ, ಈ ಪಾಲಿಸಿ ಲಾಭ ಇಷ್ಟೇ ಆದರೆ ಐಟಿಆರ್-1 ಸಾಕು. ನಿಮ್ಮ ಕಡೆ ತೋಟ ಇರುವವರು ಜಾಸ್ತಿ. ಕೃಷಿ ಆದಾಯ ವರ್ಷಕ್ಕೆ 5,000 ದಾಟಿದರೆ ಐಟಿಆರ್-1 ಬರುವುದಿಲ್ಲ, ಐಟಿಆರ್-2ಕ್ಕೆ ಹೋಗಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ, ಸೆಕ್ಷನ್ ಸಂಖ್ಯೆಗಳೆಲ್ಲ ಅದರಲ್ಲಿ ಬದಲು. ಆದರೆ 2025-26ರ ಆದಾಯಕ್ಕೆ 1961ರ ಹಳೆ ಕಾಯ್ದೆಯೇ ಅನ್ವಯ. ನಾನು ಇಲ್ಲಿ ಬರೆದ ಸಂಖ್ಯೆಗಳೇ ಫಾರಂನಲ್ಲೂ ಕಾಣುತ್ತವೆ.

ಸರ್ಕಾರಿ ನೌಕರರಿಂದ ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ಪಾಲಿಸಿ ಬಗ್ಗೆ ಇದೇ ಪ್ರಶ್ನೆ ಆಗಾಗ ಬರುತ್ತದೆ. ಅದೂ ಜೀವ ವಿಮೆಯೇ, ಇದೇ ಅನುಪಾತ ಅದಕ್ಕೂ ಅನ್ವಯಿಸುತ್ತದೆ. ನೌಕರಿಗೆ ಸೇರಿದ ಹೊಸದರಲ್ಲಿ ಮಾಡಿಸಿದ ಪಾಲಿಸಿಗಳ ಅವಧಿ ಉದ್ದ, ಕಂತು ಸಣ್ಣದು, ಚಿಂತೆ ಇಲ್ಲ. ನಿವೃತ್ತಿಗೆ ಏಳೆಂಟು ವರ್ಷ ಇರುವಾಗ ಹೆಚ್ಚುವರಿಯಾಗಿ ಮಾಡಿಸಿದ ಪಾಲಿಸಿಯನ್ನು ಮಾತ್ರ ಒಮ್ಮೆ ತೆಗೆದು ನೋಡಿ. ಎಂಟು ವರ್ಷದಲ್ಲಿ ವಿಮಾ ಮೊತ್ತದಷ್ಟು ಹಣ ಕೂಡಬೇಕಾದರೆ ವರ್ಷದ ಕಂತು ಶೇ. 10 ದಾಟುವುದು ಸುಲಭ. ತಿಂಗಳ ಕಂತನ್ನು ಹನ್ನೆರಡರಿಂದ ಗುಣಿಸಿ ವಿಮಾ ಮೊತ್ತದ ಜೊತೆ ಹೋಲಿಸಿದರೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ದೊಡ್ಡ ಕಂತು ಕಟ್ಟುವವರಿಗೆ ಇನ್ನೆರಡು ಮಿತಿ ಇವೆ. 2021ರ ಫೆಬ್ರವರಿ 1ರಿಂದ ಈಚಿನ, ವಿಮೆಯ ಜೊತೆ ಮಾರುಕಟ್ಟೆ ಹೂಡಿಕೆಯೂ ಸೇರಿದ ಯುಲಿಪ್‌ಗಳಲ್ಲಿ ವರ್ಷಕ್ಕೆ ಕಟ್ಟುವ ಒಟ್ಟು ಪ್ರೀಮಿಯಂ ಎರಡೂವರೆ ಲಕ್ಷ ದಾಟಿದರೆ ವಿನಾಯಿತಿ ಇಲ್ಲ, ಲಾಭವನ್ನು ಬಂಡವಾಳ ಲಾಭ ಅಂತ ಎಣಿಸುತ್ತಾರೆ. 2023ರ ಏಪ್ರಿಲ್ 1ರಿಂದ ಈಚಿನ ಬೇರೆ ಪಾಲಿಸಿಗಳಿಗೆ ಈ ಗೆರೆ 5 ಲಕ್ಷ. ಒಂದಕ್ಕಿಂತ ಹೆಚ್ಚು ಪಾಲಿಸಿ ಇದ್ದರೆ ಎಲ್ಲದರ ಪ್ರೀಮಿಯಂ ಕೂಡಿಸಿ ನೋಡಬೇಕು. ಕೂಡಿಸಿದಾಗ ದಾಟಿದರೆ 5 ಲಕ್ಷದೊಳಗೆ ಬರುವ ಪಾಲಿಸಿಗಳನ್ನು ಆರಿಸಿ ಅವಕ್ಕೆ ವಿನಾಯಿತಿ ಪಡೆಯಬಹುದು. ನಿಮಗೆ ಇದು ಸಂಬಂಧವಿಲ್ಲ.

ಪಿಂಚಣಿ ಪಾಲಿಸಿಗಳದ್ದು ಬೇರೆಯೇ ದಾರಿ. ತಿಂಗಳು ತಿಂಗಳು ಬರುವ ಆನ್ಯುಟಿ ಪೂರ್ತಿ ಆದಾಯವೇ, ಅದಕ್ಕೆ 10(10ಡಿ) ಆಸರೆ ಇಲ್ಲ. ಒಂದೇ ಸಲ 10 ಲಕ್ಷ ಕೊಟ್ಟು ಆನ್ಯುಟಿ ಕೊಂಡವರು ನನ್ನ ದುಡ್ಡೇ ನನಗೆ ವಾಪಸ್ ಬರುತ್ತಿದೆ, ತೆರಿಗೆ ಯಾಕೆ ಅಂತ ಕೇಳುತ್ತಾರೆ. ವಾದ ಸರಿ ಅನ್ನಿಸಿದರೂ ಕಾಯ್ದೆ ಒಪ್ಪುವುದಿಲ್ಲ.

ಆಸ್ಪತ್ರೆಯ 68,000 ಆದಾಯವೇ ಅಲ್ಲ. ನೀವು ಖರ್ಚು ಮಾಡಿದ್ದು ತುಂಬಿಕೊಟ್ಟಿದ್ದಾರೆ ಅಷ್ಟೇ. ರಿಟರ್ನ್‌ನಲ್ಲಿ ಎಲ್ಲೂ ಬರೆಯುವುದು ಬೇಡ. ಬಿಲ್ಲು ಮತ್ತು ಕ್ಲೇಮ್ ಪತ್ರ ಫೈಲಿನಲ್ಲಿ ಇರಲಿ.

ವಿದೇಶದಲ್ಲಿರುವ ಓದುಗರಿಗೂ ಒಂದು ಮಾತು. ಅನಿವಾಸಿಗಳಿಗೆ 194ಡಿಎ ಅನ್ವಯಿಸುವುದಿಲ್ಲ. ವಿನಾಯಿತಿ ಇಲ್ಲದ ಪಾಲಿಸಿಗೆ ಸೆಕ್ಷನ್ 195ರಲ್ಲಿ ಟಿಡಿಎಸ್ ಹಿಡಿಯುತ್ತಾರೆ, ಅದು ಶೇ. 2ಕ್ಕಿಂತ ಬಹಳ ಜಾಸ್ತಿ. ಅಮೆರಿಕದಲ್ಲಿ ತೆರಿಗೆ ಕಟ್ಟುವವರಾಗಿದ್ದರೆ ಊರಿನ ಎಲ್‌ಐಸಿ ಹಣಕ್ಕೆ ಇಲ್ಲಿ ವಿನಾಯಿತಿ ಇದೆ ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಜಗತ್ತಿನ ಎಲ್ಲ ಕಡೆಯ ಆದಾಯ ತೋರಿಸಬೇಕು. ಸರೆಂಡರ್ ಮೌಲ್ಯ ಇರುವ ಪಾಲಿಸಿಯನ್ನು ವಿದೇಶಿ ಖಾತೆ ಅಂತಲೇ ಎಣಿಸುತ್ತಾರೆ. ಇಂಥ ಖಾತೆಗಳೆಲ್ಲ ಸೇರಿ 10,000 ಡಾಲರ್ ದಾಟಿದರೆ ಎಫ್‌ಬಾರ್ ವರದಿ ಕೊಡಬೇಕು.

ಕೆಲವು ವರ್ಷದ ಹಿಂದೆ ಇಂಥದ್ದೇ ಒಂದು ಕಂತಿನ ಪಾಲಿಸಿ ಹಣ ಬಂದು, ತೋರಿಸದೆ ಬಿಟ್ಟವರೂ ಇದನ್ನು ಓದುತ್ತಿರಬಹುದು. ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ 48 ತಿಂಗಳವರೆಗೆ ಐಟಿಆರ್-ಯು, ಅಂದರೆ ಬಿಟ್ಟುಹೋದದ್ದನ್ನು ಸೇರಿಸಿದ ಪರಿಷ್ಕೃತ ರಿಟರ್ನ್ ಹಾಕುವ ಅವಕಾಶ ಇದೆ. ಮೊದಲ ವರ್ಷದಲ್ಲೇ ಹಾಕಿದರೆ ತೆರಿಗೆ ಮತ್ತು ಬಡ್ಡಿಯ ಮೇಲೆ ಶೇ. 25 ಹೆಚ್ಚುವರಿ, ಆಮೇಲೆ ವರ್ಷ ವರ್ಷ 50, 60, 70 ಅಂತ ಏರುತ್ತದೆ. ಟಿಡಿಎಸ್ ಹಿಡಿದ ದಾಖಲೆ ಇಲಾಖೆಯ ಬಳಿ ಇದ್ದೇ ಇದೆ. ನೋಟಿಸ್ ಬರುವ ಮೊದಲು ನೀವೇ ಹೋದರೆ ಒಳ್ಳೆಯದು.

ಇನ್ನು ನಿಮ್ಮ ತಮ್ಮನ ಹೆಂಡತಿಯ ವಿಷಯ. ಜೀವ ವಿಮೆ ಮಾಡಿಸಿದವರು ತೀರಿಕೊಂಡಾಗ ಮನೆಯವರಿಗೆ ಬರುವ ಹಣಕ್ಕೆ ಶೇ. 10, ಶೇ. 20ರ ಯಾವ ಮಿತಿಯೂ ಇಲ್ಲ. ಒಂದೇ ಕಂತಿನ ಪಾಲಿಸಿ ಆಗಿದ್ದರೂ ಪೂರ್ತಿ ವಿನಾಯಿತಿ. ಪ್ರಧಾನಮಂತ್ರಿ ಜೀವನ ಜ್ಯೋತಿ ಯೋಜನೆಯ 2 ಲಕ್ಷವೂ ಅದೇ ಸಾಲಿಗೆ ಸೇರುತ್ತದೆ. ಆದರೆ 18,000 ಬಡ್ಡಿ ವಿಮೆ ಹಣ ಅಲ್ಲ. ಕ್ಲೇಮ್ ತಡ ಮಾಡಿದ್ದಕ್ಕೆ ಕಂಪನಿ ಕೊಟ್ಟ ಬಡ್ಡಿ ಅದು. ಅದು ಅವರ ಇತರ ಮೂಲಗಳ ಆದಾಯ. ಇಂಥ ಬಡ್ಡಿ ವರ್ಷಕ್ಕೆ 10,000 ದಾಟಿದರೆ ಶೇ. 10 ಹಿಡಿಯುತ್ತಾರೆ, 1,800 ಬಂದದ್ದು ಹಾಗೆ.

ಈ ಹಣ ನಿಮ್ಮ ರಿಟರ್ನ್‌ಗೂ ಬರುವುದಿಲ್ಲ, ನಿಮ್ಮ ತಮ್ಮನ ಕೊನೆಯ ರಿಟರ್ನ್‌ಗೂ ಬರುವುದಿಲ್ಲ. ಅದು ಅವರ ಹೆಂಡತಿಯದ್ದು. ತಮ್ಮನಿಗೆ ಏಪ್ರಿಲ್‌ನಿಂದ ಜುಲೈವರೆಗೆ ಸಂಬಳ ಬಂದು ಟಿಡಿಎಸ್ ಹಿಡಿದಿದ್ದರೆ ಅದು ಬೇರೆ ಕೆಲಸ. ಆಗ ಅವರು ಪೋರ್ಟಲ್‌ನಲ್ಲಿ ಕಾನೂನುಬದ್ಧ ವಾರಸುದಾರರು ಅಂತ ನೋಂದಾಯಿಸಿಕೊಂಡು ತಮ್ಮನ ಪ್ಯಾನ್‌ನಲ್ಲಿ ರಿಟರ್ನ್ ಹಾಕಬೇಕು.

ಅವರಿಗೆ ಬೇರೆ ಆದಾಯ ಇಲ್ಲ ಅಂತಾದರೆ 18,000 ರೂಪಾಯಿಗೆ ತೆರಿಗೆ ಬರುವುದಿಲ್ಲ, ಅಷ್ಟಕ್ಕೆ ರಿಟರ್ನ್ ಹಾಕಲೇಬೇಕು ಅಂತಲೂ ಇಲ್ಲ. ಆದರೆ ಹಾಕದಿದ್ದರೆ ಆ 1,800 ಹೋಯಿತು. ಈಗಿನ ಸಂದರ್ಭದಲ್ಲಿ ಅದೂ ದುಡ್ಡೇ. ಐಟಿಆರ್-1ರಲ್ಲಿ ಬಡ್ಡಿಯನ್ನು ಆದಾಯದಲ್ಲಿ, 8 ಲಕ್ಷವನ್ನು ವಿನಾಯಿತಿಯಲ್ಲಿ ತೋರಿಸಿ ರಿಫಂಡ್ ಕೇಳಲಿ. ಹಾಕಿದ ಮೇಲೆ 30 ದಿನದೊಳಗೆ ಇ-ವೆರಿಫೈ ಮಾಡಬೇಕು. ರಿಫಂಡ್ ಬರುವ ಖಾತೆ ಅವರ ಹೆಸರಿನಲ್ಲಿದ್ದು, ಅವರ ಪ್ಯಾನ್‌ಗೆ ಜೋಡಿಸಿ, ಪೋರ್ಟಲ್‌ನಲ್ಲಿ ಮೊದಲೇ ದೃಢೀಕರಿಸಿರಬೇಕು. ಗಂಡನ ಹೆಸರು ಮೊದಲಿರುವ ಜಂಟಿ ಖಾತೆ ಕೊಟ್ಟರೆ ತೊಡಕಾಗುತ್ತದೆ, ಮೊದಲು ಬ್ಯಾಂಕಿಗೆ ಹೋಗಿ ಅದನ್ನು ಸರಿಪಡಿಸಿಕೊಳ್ಳಿ. ಎಂಟು ಲಕ್ಷವನ್ನು ಎಫ್‌ಡಿ ಇಟ್ಟರೆ ಅದರ ಬಡ್ಡಿ ಮುಂದಿನ ವರ್ಷದಿಂದ ಅವರ ಆದಾಯ. ಒಂದು ಬ್ಯಾಂಕಿನಲ್ಲಿ ವರ್ಷದ ಬಡ್ಡಿ 50,000 ದಾಟಿದರೆ ಬ್ಯಾಂಕಿನವರೂ ಟಿಡಿಎಸ್ ಹಿಡಿಯುತ್ತಾರೆ. ಎಫ್‌ಡಿ ಮಾಡುವ ದಿನವೇ ಸ್ವಯಂ ಘೋಷಣೆಯ ಫಾರಂ ಕೇಳಿ ಪಡೆದು, ತುಂಬಿ ಕೊಟ್ಟು ಬರಲಿ.